ಇಳಿಬಿಟ್ಟ ಮುಂಡು

ನಮ್ಮ ಕಡೆ ಗಂಡಸರ ಮರ್ಯಾದೆ ಇರುವುದು ಮುಂಡಿನ ಅಂಚಿನಲ್ಲಿ. ಗದ್ದೆಗೆ ಇಳಿಯುವಾಗ, ಬಸ್ಸಿಗೆ ಓಡುವಾಗ, ಸುಮ್ಮನೆ ಪೇಟೆಯಲ್ಲಿ ನಿಂತು ಹರಟುವಾಗ ಅದನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಎದುರಿಗೆ ಹಿರಿಯರು ಬಂದರೆ, ಕಲಿಸಿದ ಮಾಸ್ತರರು ಬಂದರೆ, ಕೈ ತಾನಾಗಿ ಸೊಂಟಕ್ಕೆ ಹೋಗಿ ಮುಂಡು ಕೆಳಗಿಳಿಯಬೇಕು. ಇಳಿಸದವನಿಗೆ ಅಹಂಕಾರಿ ಎಂದು ಹೆಸರು. ಹೀಗಿರುವಾಗ, ಯಾರು ಬರಲಿ ಬಿಡಲಿ, ಬೆಳಗ್ಗೆ ಉಟ್ಟ ಮುಂಡನ್ನು ಮಲಗುವ ತನಕ ಒಮ್ಮೆಯೂ ಎತ್ತಿ ಕಟ್ಟದ ಮನುಷ್ಯನನ್ನು ಏನೆಂದು ಕರೆಯಬೇಕು? ಮೆಲ್ಕಾರಿನ ಜನ ಅವನನ್ನು ವಿನಯವಂತ ಎಂದು ಕರೆದರು.

ಆ ವಿನಯವಂತನ ಹೆಸರು ಭೋಜ ಆಳ್ವ. ವಯಸ್ಸು ಮೂವತ್ತೊಂದು. ಹೆದ್ದಾರಿಯಿಂದ ಇನ್ನೊಂದು ರಸ್ತೆ ಕವಲೊಡೆಯುವಲ್ಲಿ, ಬಸ್ಸುಗಳು ನಿಲ್ಲುವ ಜಾಗದ ಎದುರಿಗೇ, ಅವನ ಚಾ ತಿಂಡಿಯ ಹೋಟೆಲು. ಗೋಳಿಬಜೆ ಕರಿಯುವ ಅಡುಗೆಯ ಡೊಂಬಯ್ಯ ಮುಂಡನ್ನು ತೊಡೆಯ ತನಕ ಎತ್ತಿ ಕಟ್ಟಿಕೊಂಡು ಸುಖವಾಗಿ ಓಡಾಡುತ್ತಿದ್ದರೆ, ಧಣಿಯಾದ ಭೋಜ ಅದೇ ಒದ್ದೆ ನೆಲದಲ್ಲಿ, ಅದೇ ಎಣ್ಣೆ ಜಿಡ್ಡಿನಲ್ಲಿ, ಬಿಳಿ ಮುಂಡಿನ ಅಂಚನ್ನು ಗುಡಿಸುತ್ತ ನಡೆಯುತ್ತಿದ್ದ. ಸಂಜೆಯ ಹೊತ್ತಿಗೆ ಆ ಅಂಚಿನ ಬಣ್ಣ ಏನೆಂದು ಹೇಳಲು ಬರುತ್ತಿರಲಿಲ್ಲ. ಗಿರಾಕಿಗಳು ಮಾತ್ರ ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದರು.

ಕಲಿಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಭೋಜ ಮುಂಡು ಎತ್ತದಿರಲು ಕಾರಣ ಮುಂಡಿನ ಒಳಗಿತ್ತು. ಮೊಣಕಾಲಿನ ತನಕ ಎಲ್ಲ ಸರಿಯಾಗಿಯೇ ಮಾಡಿದ ದೇವರು, ಅಲ್ಲಿಂದ ಕೆಳಗೆ ಸಾಮಾನು ಸಾಲದೆ ಬಂದವನ ಹಾಗೆ ಎರಡು ಕೋಲುಗಳನ್ನು ಸಿಕ್ಕಿಸಿ ಕೈತೊಳೆದುಕೊಂಡಿದ್ದ. ಮೀನಖಂಡ ಎನ್ನುವುದು ಹೆಸರಿಗೂ ಇರಲಿಲ್ಲ. ಶಾಲೆಯಲ್ಲಿ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವನು ಕೊಕ್ಕರೆ ಭೋಜ. ಆಟದ ದಿನ ಓಟಕ್ಕೆ ನಿಂತರೆ, ಸೀಟಿ ಊದುವ ಮೊದಲೇ ನಗು ಶುರುವಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮೊದಲ ಮುಂಡು ಉಟ್ಟ ದಿನ ಅವನು ಪಟ್ಟ ನೆಮ್ಮದಿ ಅಷ್ಟಿಷ್ಟಲ್ಲ. ಅಂದು ಇಳಿಬಿಟ್ಟ ಮುಂಡು ಆಮೇಲೆ ಮೇಲೇರಲೇ ಇಲ್ಲ.

ಪ್ರಯತ್ನಪಡಲಿಲ್ಲ ಎಂದಲ್ಲ. ಎಣ್ಣೆ ತಿಕ್ಕಿದ. ಕೋಳಿಮೊಟ್ಟೆ ತಿಂದ. ಬಂಟ್ವಾಳಕ್ಕೂ ಮೆಲ್ಕಾರಿಗೂ ಸೈಕಲ್ ತುಳಿದ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ಯಾರಿಗೂ ಕಾಣದಂತೆ ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ, ಎರಡು ವರ್ಷ ವ್ಯಾಯಾಮ ಮಾಡಿದ. ಗಿರಾಕಿಗಳಿಗೆ ಧಣಿ ಒಮ್ಮೆ ಎತ್ತರವಾಗಿಯೂ ಒಮ್ಮೆ ಗಿಡ್ಡವಾಗಿಯೂ ಕಂಡದ್ದಲ್ಲದೆ ಬೇರೆ ಪ್ರಯೋಜನ ಆಗಲಿಲ್ಲ.

ಇಂಥ ಭೋಜನಿಗೆ ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಹೆಣ್ಣು ಕೂಡಿಬಂತು, ಅದೂ ಮುಂಡಿನಿಂದಾಗಿ. ಹುಡುಗಿ ನಾರಾವಿಯವಳು, ಹೆಸರು ಕಾಂತಿ. ತಂದೆ ಇಲ್ಲದ ಅವಳಿಗೆ ಸೋದರಮಾವ ಕುಶಾಲಪ್ಪ ಹೆಗ್ಡೆಯವರೇ ಎಲ್ಲ. ಮರ್ಯಾದೆಯ ವಿಷಯದಲ್ಲಿ ಅವರು ಮಹಾ ಕಟ್ಟುನಿಟ್ಟು. ಅದಕ್ಕೆ ಮೊದಲು ಬಂದ ಇಬ್ಬರು ವರರನ್ನು ಅವರು ಚಾ ಕುಡಿಸಿ ವಾಪಸು ಕಳಿಸಿದ್ದರು. ಬೆಳ್ತಂಗಡಿಯಿಂದ ಬಂದವನು ಅಂಗಳ ದಾಟುವಾಗ ಮುಂಡು ಇಳಿಸಲು ಮರೆತಿದ್ದ. ಬ್ಯಾಂಕಿನಲ್ಲಿ ಕೆಲಸವಿದ್ದ ಇನ್ನೊಬ್ಬ ಇಳಿಸಿದವನು, ಜಗಲಿಯಲ್ಲಿ ಸೆಕೆ ಎಂದು ಮತ್ತೆ ಎತ್ತಿದ್ದ. ಆಮೇಲೆ ಒಂದು ದಿನ ಕುಶಾಲಪ್ಪನವರು ಯಾರಿಗೂ ಹೇಳದೆ ಮೆಲ್ಕಾರಿಗೆ ಬಂದು, ಭೋಜನ ಹೋಟೆಲಿನ ಮೂಲೆಯಲ್ಲಿ ಕೂತು ಮೂರು ಚಾ ಕುಡಿದರು. ಆ ಹೊತ್ತಿಗೆ ಸರಿಯಾಗಿ ಮಳೆ ಬಂತು. ಅಂಗಳದ ಕೆಸರಿನಲ್ಲಿ ಸೌದೆ ಹೊತ್ತು ತರುತ್ತಿದ್ದ ಭೋಜನ ಮುಂಡು ಪಾದದ ತನಕ ಇಳಿದೇ ಇತ್ತು. ಮರುವಾರ ನಾರಾವಿಯಿಂದ ಸಂಬಂಧ ಕೇಳಿಕೊಂಡು ಜನ ಬಂದರು.

ಹುಡುಗಿ ನೋಡಲು ಹೋದವನು ಅಲ್ಲಿಯೇ ಸೋತುಬಿಟ್ಟ. ಕಾಂತಿ ತಲೆ ತಗ್ಗಿಸಿ ಕೂರುವ ಪೈಕಿಯವಳಲ್ಲ. ನೇರ ನೋಡಿದಳು, ನಕ್ಕಳು, ನೀವು ಹೋಟೆಲಿನಲ್ಲಿ ನಿಂತು ಕೆಲಸ ಮಾಡುವುದೋ ಕೂತು ಮಾಡುವುದೋ ಎಂದು ಕೇಳಿದಳು. ನಿಂತು, ದಿನಕ್ಕೆ ಹದಿನಾಲ್ಕು ಗಂಟೆ ಎಂದ. ಒಳ್ಳೆಯದು ಎಂದಳು. ಹೊರಡುವಾಗ ಅವಳ ಉದ್ಯೋಗ ಏನೆಂದು ಭೋಜನಿಗೆ ಗೊತ್ತಾಯಿತು. ಕಾಂತಿ ಮೂಡಬಿದ್ರೆಯ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ಯಾರು ಓಡುತ್ತಾರೆ, ಯಾರು ಹಾರುತ್ತಾರೆ ಎಂದು ಮಕ್ಕಳ ಕಾಲು ನೋಡಿಯೇ ಹೇಳುವುದು ಅವಳ ದಿನದ ಕೆಲಸ.

ಮದುವೆ ನವೆಂಬರಿಗೆ ನಿಶ್ಚಯವಾಯಿತು. ಅವತ್ತಿನಿಂದ ಭೋಜನಿಗೆ ನಿದ್ದೆಯಲ್ಲೂ ಸೀಟಿ ಕೇಳಿಸತೊಡಗಿತು. ಚಪ್ಪರದ ಬಾಗಿಲಲ್ಲಿ ಹೆಣ್ಣಿನ ತಮ್ಮ ಮದುಮಗನ ಕಾಲು ತೊಳೆಯುವ ಕ್ರಮವುಂಟು. ಆಗ ಮುಂಡು ಒಂದು ಗೇಣಾದರೂ ಎತ್ತಬೇಕು. ಊರಿನವರು ನೋಡಿದರೆ ನೋಡಲಿ, ನಕ್ಕರೆ ನಗಲಿ, ಅವನು ಅದಕ್ಕೆ ಗಟ್ಟಿಯಾಗಿದ್ದ. ಕಾಂತಿ ನಕ್ಕರೆ? ಅಂಗಳದಲ್ಲಿ ನಗದಿದ್ದರೂ ಮನಸ್ಸಿನೊಳಗೆ ಒಮ್ಮೆ, ಒಂದೇ ಒಂದು ಸಲ, ಅಯ್ಯೋ ಪಾಪ ಎಂದುಕೊಂಡರೆ? ಆ ಒಂದು ನೋಟವನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಿತ್ತು.

ಆಗ ಬಂದವನು ಉಮ್ಮರ್. ಭೋಜನ ಜೊತೆಗೇ ಶಾಲೆಗೆ ಹೋದವನು, ಬಹರೈನಿನಲ್ಲಿ ಆಸ್ಪತ್ರೆಯೊಂದರ ವ್ಯಾನು ಓಡಿಸುವವನು, ಕೊಕ್ಕರೆ ಎಂದು ಒಮ್ಮೆಯೂ ಕರೆಯದ ಒಬ್ಬನೇ ಗೆಳೆಯ. ರಜೆಗೆ ಬರುವಾಗ ಅವನು ಸೆಂಟು, ಟಾರ್ಚು ತರುವುದು ರೂಢಿ. ಈ ಸಲ ಒಂದು ಇಂಗ್ಲಿಷ್ ಪತ್ರಿಕೆಯನ್ನೂ ತಂದಿದ್ದ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿ ಪುಟ ಬಿಡಿಸಿ ತೋರಿಸಿದ. ಎಡಗಡೆ ಎರಡು ಸಪೂರ ಕಾಲು, ಬಲಗಡೆ ಅದೇ ಮನುಷ್ಯನ ಎರಡು ತುಂಬಿದ ಕಾಲು. ಮೊಣಕಾಲಿನ ಹಿಂದೆ ಸಣ್ಣದಾಗಿ ಕೊಯ್ದು, ಒಳಗೆ ರಬ್ಬರಿನಂಥ ಮೆತ್ತನೆಯ ಗಟ್ಟಿಯೊಂದನ್ನು ಇಟ್ಟು ಹೊಲಿದುಬಿಡುವುದು. ಇದು ಬೊಂಬಾಯಿಯಲ್ಲಿಯೂ ಶುರುವಾಗಿದೆ, ಒಬ್ಬ ಡಾಕ್ಟರರ ವಿಳಾಸ ಸಿಕ್ಕಿದೆ ಎಂದ ಉಮ್ಮರ್.

ಭೋಜ ಆ ಬಲಗಡೆಯ ಚಿತ್ರವನ್ನು ಎಷ್ಟು ಹೊತ್ತು ನೋಡಿದನೆಂದರೆ, ಹೊರಗೆ ಡೊಂಬಯ್ಯ ಎರಡು ಸಲ ಕರೆದು ಬೈದುಕೊಂಡು ಹೋದ.

“ನೋವು ಉಂಟಾ?” ಎಂದು ಕೊನೆಗೆ ಕೇಳಿದ.

“ಕೊಯ್ದರೆ ನೋವಾಗದೆ ಇರ್ತದಾ ಮಾರಾಯ. ಆದರೆ ಒಂದು ಸಲದ ನೋವು. ನೀನು ಈಗ ಪಡುವುದು ದಿನಾ ಅಲ್ವಾ?”

ಆ ಮಾತು ನಾಟಿತು. ಉಮ್ಮರ್ ಇಂಗ್ಲಿಷಿನಲ್ಲಿ ಕಾಗದ ಬರೆದ, ಭೋಜ ಸಹಿ ಹಾಕಿದ. ಮೂರು ವಾರದಲ್ಲಿ ಉತ್ತರ ಬಂತು. ಡಾಕ್ಟರರು ಸಜ್ಜನರಿರಬೇಕು, ಎಲ್ಲವನ್ನೂ ಬಿಚ್ಚಿ ಬರೆದಿದ್ದರು. ಹತ್ತು ದಿನ ಆಸ್ಪತ್ರೆ, ಆಮೇಲೆ ಒಂದು ತಿಂಗಳು ಹೆಚ್ಚು ನಡೆಯಬಾರದು. ಒಳಗಿಟ್ಟದ್ದು ಜಾರಲೂಬಹುದು, ಕೀವಾದರೆ ತೆಗೆಯಬೇಕಾಗಲೂಬಹುದು. ಬರುವುದಾದರೆ ಡಿಸೆಂಬರಿನ ಎರಡನೇ ವಾರ ಬರಬಹುದು. ಕೊನೆಯಲ್ಲಿ ಒಂದು ಪ್ರಶ್ನೆಯೂ ಇತ್ತು: ಈ ಕಾಲುಗಳಿಂದ ನಿಮಗೆ ನಿಲ್ಲಲು, ನಡೆಯಲು ಏನಾದರೂ ತೊಂದರೆ ಇದೆಯೇ? ಏನೂ ಇಲ್ಲ, ದಿನಕ್ಕೆ ಹದಿನಾಲ್ಕು ಗಂಟೆ ನಿಲ್ಲುತ್ತೇನೆ ಎಂದು ಭೋಜ ಉಮ್ಮರನ ಕೈಯಲ್ಲಿ ಬರೆಸಿದ. ಬರೆಸುವಾಗ ಇಬ್ಬರಿಗೂ ಆ ಉತ್ತರದಲ್ಲಿ ವಿಶೇಷ ಏನೂ ಕಾಣಲಿಲ್ಲ.

ಡಿಸೆಂಬರಿನಲ್ಲಿ ಕಾಲು ಸರಿಯಾಗಬೇಕಾದರೆ ನವೆಂಬರಿನಲ್ಲಿ ಮದುವೆ ಆಗಬಾರದು. ಮುಂದೆ ಹಾಕಲು ಕೇಳಬೇಕು. ಹೋಟೆಲಿನ ಹಳೇ ಹಂಚು ತೆಗೆಸಿ ಹೊಸ ಮಾಡು ಹಾಕಿಸುವುದುಂಟು ಎಂಬ ಒಂದು ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ, ಅಕ್ಟೋಬರಿನ ಒಂದು ಆದಿತ್ಯವಾರ ಭೋಜ ನಾರಾವಿಗೆ ಹೊರಟ. ಡಾಕ್ಟರರ ಕಾಗದ ಧೈರ್ಯಕ್ಕೆಂದು ಅಂಗಿಯ ಕಿಸೆಯಲ್ಲಿತ್ತು. ಬಿ.ಸಿ. ರೋಡಿನಲ್ಲಿ ಒಂದು, ಮೂಡಬಿದ್ರೆಯಲ್ಲಿ ಇನ್ನೊಂದು ಬಸ್ಸು ಬದಲಿಸಿ ಇಳಿದಾಗ ಮಧ್ಯಾಹ್ನವಾಗಿತ್ತು.

ಕುಶಾಲಪ್ಪನವರ ಮನೆಗೆ ಹೋಗಬೇಕಾದರೆ ಒಂದು ತೋಡು ದಾಟಬೇಕು. ಅದಕ್ಕೆ ಅಡ್ಡ ಹಾಕಿದ್ದ ತೆಂಗಿನಮರದ ಸಂಕ ಹಿಂದಿನ ದಿನ ಘಟ್ಟದ ಬುಡದಲ್ಲಿ ಸುರಿದ ಮಳೆಗೆ ಕೊಚ್ಚಿಹೋಗಿತ್ತು. ನೀರು ಹೆಚ್ಚೇನಿಲ್ಲ, ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ. ಭೋಜನ ಮುಂದೆ ಇದ್ದ ಒಬ್ಬ ಆಳು ಮುಂಡನ್ನು ತೊಡೆಗೇರಿಸಿ, ನಾಲ್ಕು ಹೆಜ್ಜೆ ಹಾಕಿ ಆಚೆ ದಡ ಸೇರಿ ಹೋಗಿಯೂಬಿಟ್ಟ. ಅಷ್ಟರಲ್ಲಿ ಆಚೆ ದಡಕ್ಕೆ ಸಾಕ್ಷಾತ್ ಕುಶಾಲಪ್ಪನವರೇ ಬಂದು ನಿಂತರು. ಹೋದ ಸಂಕದ ಜಾಗ ನೋಡಲು ಬಂದವರು.

“ಮುಂಡು ಎತ್ತಿ ಬನ್ನಿ, ಪರವಾಗಿಲ್ಲ,” ಎಂದು ಅವರು ಕೂಗಿ ಹೇಳಿದರು.

ಭೋಜ ಅತ್ತಿತ್ತ ನೋಡಿದ. ಚಪ್ಪಲಿ ಕೈಗೆ ತೆಗೆದುಕೊಂಡ. ಮುಂಡನ್ನು ಇದ್ದ ಹಾಗೆಯೇ ಬಿಟ್ಟು ನೀರಿಗಿಳಿದ. ನಡುವಿಗೆ ಬರುವಷ್ಟರಲ್ಲಿ ಮುಂಡಿನೊಳಗೆ ನೀರು ನುಗ್ಗಿ ಅದು ಸುತ್ತಲೂ ಉಬ್ಬಿ ತೇಲಿತು. ಎರಡೂ ಕೈಯಿಂದ ಅದನ್ನು ಕೆಳಗೆ ಒತ್ತಿ ಹಿಡಿಯುವ ಗಡಿಬಿಡಿಯಲ್ಲಿ ಒಂದು ಚಪ್ಪಲಿ ನೀರಿನ ಪಾಲಾಯಿತು. ಕಾಲು ಜಾರಿ ಎದೆಯ ತನಕ ಮುಳುಗಿ ಎದ್ದ. ಎದ್ದಾಗಲೂ ಮುಂಡು ಪಾದದ ತನಕ ಸರಿಯಾಗಿತ್ತು. ದಡದಲ್ಲಿ ಕುಶಾಲಪ್ಪನವರು ಮುಖ ಆಚೆ ತಿರುಗಿಸಿ ನಿಂತಿದ್ದರು, ಅವರ ಭುಜ ನಡುಗುತ್ತಿತ್ತು. ತನ್ನ ಭಕ್ತಿ ನೋಡಿ ಮುದುಕರು ಅಳುತ್ತಿದ್ದಾರೆ ಎಂದು ತಿಳಿದು ಭೋಜನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮನೆ ತಲುಪಿದವನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿ, ಕುಶಾಲಪ್ಪನವರು ಒಣಗಿದ ಮುಂಡು ಕೊಡಲು ಕಾಂತಿಗೆ ಹೇಳಿ ಮುಂದಿನ ಜಗಲಿಗೆ ಹೋದರು. ಕಾಂತಿ ಮುಂಡು, ಮೈ ಒರೆಸಲು ಬೈರಾಸು ಹಿಡಿದು ಬಂದಳು. ಆಗ ಭೋಜ ತನ್ನ ಕಾಲು ನೋಡಿಕೊಂಡ. ನೆನೆದ ತೆಳು ಬಟ್ಟೆ ಎರಡೂ ಕಾಲಿಗೆ ಚರ್ಮದ ಹಾಗೆ ಅಂಟಿಕೊಂಡಿತ್ತು. ಹದಿನಾಲ್ಕು ವರ್ಷ ಮುಚ್ಚಿಟ್ಟದ್ದು ಎಳ್ಳಷ್ಟೂ ಬಾಕಿಯಿಲ್ಲದೆ ಎದುರಿಗೆ ಬಿಚ್ಚಿಟ್ಟಂತಿತ್ತು. ಮುಂಡು ಎತ್ತಿಯೇ ದಾಟಿದ್ದರೆ ಇದರ ಅರ್ಧವೂ ಕಾಣುತ್ತಿರಲಿಲ್ಲ.

ಬಾಯಿಪಾಠ ಮಾಡಿದ ಹೊಸ ಮಾಡಿನ ಕತೆ ಮರೆತೇ ಹೋಯಿತು. ಮದುವೆ ಎರಡು ತಿಂಗಳು ಮುಂದೆ ಹೋಗಲಿ ಎಂದಷ್ಟೇ ಹೇಳಿದ. ಯಾಕೆ ಎಂದಳು. ಅವನು ಕಿಸೆಯಿಂದ ಕಾಗದ ತೆಗೆದುಕೊಟ್ಟ. ಶಾಯಿ ಕಲಸಿಹೋಗಿದ್ದರೂ ಓದಲು ಬರುವಷ್ಟು ಉಳಿದಿತ್ತು. ಕಾಂತಿ ಮೊದಲಿನಿಂದ ಕೊನೆಯ ತನಕ ಓದಿದಳು. ನಗಲಿಲ್ಲ, ಪಾಪ ಎನ್ನಲೂ ಇಲ್ಲ. ಅವಳ ಮುಖ ಕೆಂಪಾದದ್ದು ನೋಡಿ ಸಿಟ್ಟು ಬಂದಿದೆ ಎಂದು ಅವನಿಗೆ ಗೊತ್ತಾಯಿತು.

“ನಿಮ್ಮ ಕಾಲು ನನಗೆ ಮಾರ್ಚಿಯಿಂದಲೇ ಗೊತ್ತುಂಟು,” ಎಂದಳು.

ಅವಳು ಹೇಳಿದ್ದು ಹೀಗೆ. ಮಾರ್ಚಿಯಲ್ಲಿ ಘಟ್ಟದ ಮೇಲಿನ ಒಂದು ಆಟದ ಸ್ಪರ್ಧೆ ಮುಗಿಸಿ, ಹನ್ನೆರಡು ಹುಡುಗಿಯರನ್ನು ಕಟ್ಟಿಕೊಂಡು ವಾಪಸು ಬರುವಾಗ ಬಸ್ಸು ಕೆಟ್ಟು ಮೆಲ್ಕಾರಿನಲ್ಲಿ ನಿಂತಿದ್ದರು. ಸುಸ್ತಾದ ಮಕ್ಕಳಿಗೆ ಹೋಟೆಲಿನವರು ತಾವೇ ಚಾ ಹಿಡಿದುಕೊಂಡು ರಸ್ತೆ ದಾಟಿ ಬಂದರು. ಆಗ ಎಕ್ಸ್‌ಪ್ರೆಸ್ ಬಸ್ಸೊಂದು ಭರ್ರೆಂದು ಹೋಗಿ, ಅದರ ಗಾಳಿಗೆ ಅವರ ಮುಂಡು ಮೊಣಕಾಲಿಗೆ ಹಾರಿತು. ಎರಡು ಕೈಯಲ್ಲೂ ನಾಲ್ಕು ನಾಲ್ಕು ಗ್ಲಾಸು. ಗ್ಲಾಸು ಬಿಟ್ಟು ಮುಂಡು ಹಿಡಿಯಲೇ, ಮುಂಡು ಬಿಟ್ಟು ಗ್ಲಾಸು ಹಿಡಿಯಲೇ ಎಂದು ಒದ್ದಾಡುವುದು ಮುಖದಲ್ಲಿಯೇ ಕಾಣುತ್ತಿತ್ತು. ಆ ಗಡಿಬಿಡಿಯಲ್ಲಿ ಟೀಚರ ಮುಖವನ್ನೂ ನೋಡಲಿಲ್ಲ, ಗ್ಲಾಸು ಮಾತ್ರ ಬಿಡಲಿಲ್ಲ.

“ಒಂದು ತೊಟ್ಟೂ ಚೆಲ್ಲಲಿಲ್ಲ ನೀವು,” ಎಂದಳು ಕಾಂತಿ. “ಮನೆಗೆ ಬಂದು ಮಾವನಿಗೆ ಹೇಳಿದೆ, ಮೆಲ್ಕಾರಿನಲ್ಲಿ ಮುಂಡು ಎತ್ತದ ಒಬ್ಬರು ಇದ್ದಾರಂತೆ ಅಂತ. ಇಲ್ಲದಿದ್ದರೆ ಮಾವ ಅಷ್ಟು ದೂರ ಚಾ ಕುಡಿಯಲು ಬರ್ತಾರಾ?”

ನೋಡಲು ಬಂದದ್ದು ತಾನು ಎಂದು ಭೋಜ ಇಷ್ಟು ದಿನ ತಿಳಿದಿದ್ದ.

ಕಾಂತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಈ ಕಾಲಿನಲ್ಲಿ ಹದಿನಾಲ್ಕು ಗಂಟೆ ನಿಲ್ಲುವವರಿಗೆ ಇದು ಯಾಕೆ ಬೇಕು ಎಂದು ಕೇಳಿದಳು. ತನ್ನ ಶಾಲೆಯಲ್ಲಿ ತುಂಬಿದ ಕಾಲಿನವರೆಷ್ಟೋ ಮಂದಿ ಪ್ರಾರ್ಥನೆ ಮುಗಿಯುವ ಮೊದಲೇ ಗೋಡೆಗೆ ಒರಗುತ್ತಾರೆ ಎಂದಳು. ಕೊನೆಗೆ ಕಾಗದವನ್ನು ನೀಟಾಗಿ ಮಡಚಿ ಅವನ ಕೈಯಲ್ಲಿಟ್ಟಳು.

“ಕಾಲು ನಿಮ್ಮದು. ನಿಮಗೆ ಬೇಕು ಅಂತ ಆದರೆ ಹೋಗಿ ಮಾಡಿಸಿ, ನಾನು ಬೇಡ ಹೇಳುವುದಿಲ್ಲ. ನನಗೋಸ್ಕರ ಅಂತ ಮಾತ್ರ ಹೇಳಬೇಡಿ. ಮತ್ತೆ, ಮದುವೆ ಮುಂದೆ ಹಾಕುವುದಿದ್ದರೆ ಮಾವನಿಗೆ ನೀವೇ ಹೇಳಬೇಕು. ಯಾಕೆ ಅಂತಲೂ ಹೇಳಬೇಕು.”

ಭೋಜನಿಗೆ ಅದಕ್ಕಿಂತ ಆ ತೋಡಿಗೆ ಮತ್ತೆ ನಾಲ್ಕು ಸಲ ಇಳಿಯುವುದು ಸುಲಭ ಅನಿಸಿತು. ಆದರೂ ಎದ್ದ. ಅವಳು ಗೊತ್ತಿದ್ದೂ ಒಪ್ಪಿದ್ದಳು ಎನ್ನುವುದು ಒಳಗೆ ಎಲ್ಲೋ ಬೆಚ್ಚಗೆ ಕೂತಿತ್ತು. ಸುಳ್ಳು ಹೇಳಿ ಅವಳನ್ನು ಕಳೆದುಕೊಳ್ಳುವುದಕ್ಕಿಂತ ನಿಜ ಹೇಳಿ ಮಾವನ ಬೈಗುಳ ತಿನ್ನುವುದು ಮೇಲು. ಒಣಗಿದ ಮುಂಡು ಉಟ್ಟು ಮುಂದಿನ ಜಗಲಿಗೆ ಹೋಗಿ ನಿಂತ.

“ನನ್ನದು ಮರ್ಯಾದೆ ಅಲ್ಲ ಮಾವ, ನಾಚಿಕೆ,” ಎಂದ.

ಹೇಳಲು ತೊಡಗಿದ ಮೇಲೆ ಎಲ್ಲವೂ ಬಂತು, ಕೊಕ್ಕರೆಯಿಂದ ಹಿಡಿದು ಬೊಂಬಾಯಿಯ ತನಕ. ಕುಶಾಲಪ್ಪನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಎಲೆಯನ್ನು ಬದಿಗಿಟ್ಟು, ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ತಮ್ಮ ಮುಂಡನ್ನು ಮೊಣಕಾಲಿನ ತನಕ ಎತ್ತಿದರು.

ಬಲಗಾಲು ಎಲ್ಲರ ಹಾಗೆಯೇ ಇತ್ತು. ಎಡಗಾಲು ಮೊಣಕಾಲಿನಿಂದ ಪಾದದ ತನಕ ಒಂದೇ ದಪ್ಪ, ತೆಂಗಿನಮರದ ಬುಡದ ಹಾಗೆ. ಅದಕ್ಕೆ ಬಟ್ಟೆಯ ಪಟ್ಟಿ ಸುತ್ತಿತ್ತು. ಆನೆಕಾಲು ರೋಗ ನಮ್ಮ ಕಡೆ ಹೊಸದೇನಲ್ಲ. ಆದರೆ ಇವರಿಗೂ ಇದೆಯೆಂದು ಹೊರಗಿನ ನರಪಿಳ್ಳೆಗೂ ತಿಳಿದಿರಲಿಲ್ಲ.

“ಹದಿನೆಂಟು ವರ್ಷ ಆಯ್ತು,” ಎಂದರು ಕುಶಾಲಪ್ಪನವರು. ಇಷ್ಟು ದಿನ ನೀವು ಎನ್ನುತ್ತಿದ್ದವರು ಈಗ ನೀನು ಎಂದರು. “ಇಬ್ಬರು ಹುಡುಗರನ್ನು ನಾನು ಓಡಿಸಿದೆ ಅಂತ ನೀನು ಕೇಳಿರಬೇಕು. ಮರ್ಯಾದೆ ಇಲ್ಲ ಅಂತ ಹೇಳಿದೆ. ಸುಳ್ಳು. ಅವರ ಕಾಲು ನೋಡಿ ನನಗೆ ಹೊಟ್ಟೆ ಉರಿದದ್ದು.”

ಭೋಜ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ.

“ನಿನ್ನನ್ನು ನಾನು ಸಾಧು ಅಂತ ನಂಬಿದ್ದೆ. ಇವತ್ತು ನೀನು ತೋಡಿಗೆ ಇಳಿದೆ ನೋಡು, ಆಗ ಗೊತ್ತಾಯ್ತು. ಮರ್ಯಾದೆಗೋಸ್ಕರ ಯಾರೂ ಅಷ್ಟು ಮುಳುಗುವುದಿಲ್ಲ. ಇದು ನನ್ನ ಹಾಗಿನವನೇ ಅಂತ ನಗು ಬಂತು, ತಡೆಯಲಿಕ್ಕೆ ಆಗ್ಲಿಲ್ಲ.” ಮುದುಕರು ಒಮ್ಮೆ ತಮ್ಮ ಕಾಲನ್ನೂ ಒಮ್ಮೆ ಅವನ ಮುಂಡನ್ನೂ ನೋಡಿದರು. “ಒಂದು ಕೆಲಸ ಮಾಡು. ಆ ಡಾಕ್ಟರಿಗೆ ಇನ್ನೊಂದು ಕಾಗದ ಹಾಕು. ಇಲ್ಲಿಂದ ಸ್ವಲ್ಪ ತೆಗೆದು ಅಲ್ಲಿ ಹಾಕಿದರೆ ಇಬ್ಬರದ್ದೂ ಸರಿಯಾಗ್ತದಾ ಅಂತ ಕೇಳು. ರಬ್ಬರು ಯಾಕೆ, ಮನೆಯದ್ದೇ ಉಂಟು.”

ಮೊದಲು ನಕ್ಕದ್ದು ಬಾಗಿಲ ಹಿಂದೆ ನಿಂತಿದ್ದ ಕಾಂತಿ. ಆಮೇಲೆ ಭೋಜ. ಹದಿನಾಲ್ಕು ವರ್ಷದಲ್ಲಿ ತನ್ನ ಕಾಲಿನ ವಿಷಯಕ್ಕೆ ಅವನು ನಕ್ಕದ್ದು ಅದೇ ಮೊದಲು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಎಷ್ಟು ಪಾಲು ನಗುವಿನದ್ದು ಎಂದು ಯಾರೂ ಕೇಳಲಿಲ್ಲ.

ಸಂಜೆಯ ಬಸ್ಸಿಗೆ ಅವನನ್ನು ಬಿಡಲು ಇಬ್ಬರೂ ತೋಡಿನ ತನಕ ಬಂದರು. ಭೋಜ ದಡದಲ್ಲಿ ನಿಂತು, ಸೊಂಟಕ್ಕೆ ಕೈ ಹಾಕಿ, ಮುಂಡನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ. ರೂಢಿ ತಪ್ಪಿದ ಕೈಗೆ ಗಂಟು ಎರಡು ಸಲ ಜಾರಿತು. ಅದನ್ನು ನೋಡಿ ಕುಶಾಲಪ್ಪನವರು ತಾವೂ ಕಟ್ಟಿದರು. ಆಚೆ ದಡದ ತನಕ ನಾನೂ ಬರ್ತೇನೆ ಎಂದರು. ಒಂದು ಸಪೂರ ಜೋಡಿ, ಒಂದು ಹೊಂದಿಕೆಯಿಲ್ಲದ ಜೋಡಿ, ಕೈಕೈ ಹಿಡಿದುಕೊಂಡು ನೀರಿಗಿಳಿದವು. ದಡದಲ್ಲಿ ನಿಂತ ಆಟದ ಟೀಚರು, ಮಕ್ಕಳನ್ನು ನಡೆಸುವ ಗಂಟಲಿನಲ್ಲಿ, ಎಡ, ಬಲ, ಎಡ, ಬಲ ಎಂದು ಹೇಳುತ್ತಿದ್ದಳು.

ಮರುದಿನ ಮೆಲ್ಕಾರಿನಲ್ಲಿ ಧಣಿಯ ಕಾಲು ನೋಡಿದ ಡೊಂಬಯ್ಯ ಗೋಳಿಬಜೆಯ ಒಂದು ಬಾಣಲೆ ಕರಕಲು ಮಾಡಿದ. ಉಮ್ಮರ್ ಬೊಂಬಾಯಿಗೆ ಕ್ಷಮೆ ಕೇಳಿ ಕಾಗದ ಬರೆದ. ಗಿರಾಕಿಗಳು ಮಾತ್ರ ಒಪ್ಪಲಿಲ್ಲ. ಹೆಣ್ಣು ನಿಶ್ಚಯವಾದದ್ದೇ ತಡ ಈ ಭೋಜನಿಗೆ ಎಷ್ಟು ಅಹಂಕಾರ ಬಂತು, ಹಿರಿಯರು ಕಿರಿಯರು ಎಂದಿಲ್ಲ, ಮುಂಡು ಎತ್ತಿದ್ದು ಎತ್ತಿದ್ದೇ ಎಂದು ಗೊಣಗಿದರು. ಕೇಳಿದಷ್ಟೂ ಭೋಜನಿಗೆ ಹಿತವಾಯಿತು.

ನವೆಂಬರಿನ ಮದುವೆಯಲ್ಲಿ ಕಾಂತಿಯ ತಮ್ಮ ತಂಬಿಗೆ ಹಿಡಿದು ಬಗ್ಗುವ ಮೊದಲೇ ಮದುಮಗ ತನ್ನ ಜರಿಯಂಚಿನ ಮುಂಡನ್ನು ಮೊಣಕಾಲಿನ ತನಕ ಎತ್ತಿ ನಿಂತಿದ್ದ. ಚಪ್ಪರದ ಜನ ಕತ್ತು ಉದ್ದ ಮಾಡಿ ನೋಡಿದರು. ಕುಶಾಲಪ್ಪನವರು ಬದಿಗೆ ಬಂದು ಅವನ ಕಿವಿಯಲ್ಲಿ ಹೇಳಿದರು:

“ಒಂದು ಗೇಣು ಸಾಕು ಮಾರಾಯ. ಉಳಿದದ್ದು ಅವಳು ನೋಡಿ ಆಗಿದೆ.”